ತಲೆಯ ಮೇಲಿನ ಕಾಡು, ಕಾಲಡಿಯ ಮಣ್ಣು

(ಕಾಡುದಾರಿಯ ಓಟದಲ್ಲಿ ಆಸಕ್ತರಾದ ವಿದ್ಯಾರ್ಥಿಗಳಿಗೂ ಊರಿನ ಹಿರಿಯರಿಗೂ ಬಳಗವು ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಡುದಾರಿಯಲ್ಲಿ ಓಡುವ ಹವ್ಯಾಸವು ಇತ್ತೀಚಿನ ವರ್ಷಗಳಲ್ಲಿ ನಮ್ಮ ಮಲೆನಾಡಿನ ತರುಣ ತರುಣಿಯರನ್ನೂ ಸೆಳೆದಿದೆ. ಇದನ್ನು ಕೇಳಿದ ಹಿರಿಯರಿಗೆ ನಗು ಬರುವುದು ಸಹಜ. ದಿನ ಬೆಳಗಾದರೆ ಡೇರಿಗೆ, ಶಾಲೆಗೆ, ತೋಟಕ್ಕೆ, ಬಸ್ಸಿನ ನಿಲ್ದಾಣಕ್ಕೆಂದು ಮೈಲುಗಟ್ಟಲೆ ನಡೆಯುವ ನಮಗೆ, ಓಡುವುದಕ್ಕೆಂದೇ ಒಂದು ದಾರಿಯನ್ನು ಹುಡುಕುವ ಅಗತ್ಯವೇನಿದೆ ಎಂದು ಅವರು ಕೇಳಿಯಾರು. ಪ್ರಶ್ನೆ ನ್ಯಾಯವಾದುದೇ. ಆದರೆ ಓಡುವ ಹುಡುಗಿಗೂ, ತಲೆಹೊರೆ ಹೊತ್ತು ನಡೆಯುವ ತಾಯಿಗೂ ಬೇಕಾದ ದಾರಿ ಒಂದೇ ಬಗೆಯದು: ಏರಿಳಿತ ಕಡಿಮೆಯಿರಬೇಕು, ತಲೆಯ ಮೇಲೆ ನೆರಳಿರಬೇಕು, ಕಾಲಡಿಯಲ್ಲಿ ಮೆತ್ತನೆಯ ಮಣ್ಣಿರಬೇಕು. ಬೆಟ್ಟದ ಸೀಮೆಯಲ್ಲಿ ಈ ಮೂರೂ ಒಂದೆಡೆ ಕೂಡಿಬರುವುದು ಅಪರೂಪ. ಹಾಗೆ ಕೂಡಿಬಂದ ಒಂದು ಸ್ಥಳವನ್ನು ಕುರಿತು ಇಂದು ಮಾತನಾಡುತ್ತೇನೆ. ಅದು ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಾಥೇರಾನ್.

ದೂರದ ಊರಿನ ಕತೆ ನಮಗೇಕೆ ಎನ್ನಬೇಡಿ. ಅದು ದೂರವಾದರೂ ಅನ್ಯವಲ್ಲ. ನಮ್ಮ ಬೆನ್ನಿಗಿರುವ ಇದೇ ಸಹ್ಯಾದ್ರಿಯ ಸಾಲಿನ ಅಂಚಿನಲ್ಲಿ ಅದೂ ನಿಂತಿದೆ. ಅದೇ ಮುಂಗಾರು, ಅದೇ ಜಂಬಿಟ್ಟಿಗೆಯ ಕೆಂಪು ಮಣ್ಣು, ಅದೇ ನೇರಳೆ, ಅಳಲೆಯ ನೆರಳು. ಅಷ್ಟೇ ಅಲ್ಲ, ಕಾಡಿನೊಳಗಿನ ಮಣ್ಣಿನ ದಾರಿಗೆ ಇಟ್ಟಿಗೆ ಹಾಸಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನಮ್ಮ ಗ್ರಾಮ ಪಂಚಾಯಿತಿಗಳ ಮುಂದೆ ಪ್ರತಿ ವರ್ಷವೂ ಬರುವ ಪ್ರಶ್ನೆಯೇ ಅದು.

ದಾರಿಯ ಪರಿಚಯ

ಮಾಥಾ ಎಂದರೆ ಮರಾಠಿಯಲ್ಲಿ ತಲೆ, ರಾನ್ ಎಂದರೆ ಕಾಡು. ತಲೆಯ ಮೇಲೆ ಕಾಡನ್ನು ಹೊತ್ತ ಬೆಟ್ಟವೆಂದೇ ಆ ಹೆಸರಿಗೆ ಅರ್ಥ ಹೇಳುತ್ತಾರೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿರುವ ಈ ಬೆಟ್ಟದ ನೆತ್ತಿ ಬಹುಮಟ್ಟಿಗೆ ಚಪ್ಪಟೆಯಾಗಿದೆ. ಸುತ್ತಲೂ ಕಡಿದಾದ ಪ್ರಪಾತ, ಮೇಲೆ ಮರಗಳು ಕಿಕ್ಕಿರಿದ ಸಮತಟ್ಟು.

ಬೆಟ್ಟದ ಬುಡದಲ್ಲಿರುವ ನೇರಳ್ ಎಂಬ ಊರಿನಿಂದ ಘಾಟಿ ರಸ್ತೆಯಲ್ಲಿ ಬಂದ ವಾಹನಗಳೆಲ್ಲ ದಸ್ತೂರಿ ನಾಕಾ ಎಂಬಲ್ಲಿ ನಿಲ್ಲಬೇಕು. ಅಲ್ಲಿಂದ ಮುಂದೆ ಆಂಬುಲೆನ್ಸಿನಂಥ ತುರ್ತು ಸೇವೆಗಳು ಮತ್ತು ವಿದ್ಯುತ್ ರಿಕ್ಷಾಗಳ ಹೊರತು ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಓಡುವವರ ದಾರಿ ಆರಂಭವಾಗುವುದೂ ಅಲ್ಲಿಯೇ. ಪುಟ್ಟ ರೈಲಿನ ಅಮನ್ ಲಾಡ್ಜ್ ನಿಲ್ದಾಣವನ್ನು ದಾಟಿ, ಕಿರುಹಳಿಯ ಆಸುಪಾಸಿನಲ್ಲಿ ಸಾಗುವ ಈ ದಾರಿ ಎರಡೂವರೆ ಮೂರು ಕಿ.ಮೀ. ಕಳೆಯುವಷ್ಟರಲ್ಲಿ ಪೇಟೆಯನ್ನು ಮುಟ್ಟುತ್ತದೆ. ಪೇಟೆಯಿಂದ ಪಶ್ಚಿಮದ ಕಡೆಗೆ ಹೊರಳಿದರೆ ಊರಿಗೆ ಕುಡಿಯುವ ನೀರು ಕೊಡುವ ಶಾರ್ಲಟ್ ಕೆರೆ. ಅದರಾಚೆಗೆ ಕಾಡಿನ ಅಂಚನ್ನೇ ಹಿಡಿದು ಎಕೋ ಪಾಯಿಂಟ್, ಲೂಯಿಸಾ ಪಾಯಿಂಟ್ ಮೊದಲಾದ ನೋಟದ ತಾಣಗಳು. ದಸ್ತೂರಿಯಿಂದ ಅಲ್ಲಿಗೆ ಹೋಗಿ ಬಂದರೆ ಹತ್ತು ಹನ್ನೆರಡು ಕಿ.ಮೀ. ಆಗುತ್ತದೆ. ಸಣ್ಣಪುಟ್ಟ ಏರುಗಳಿವೆ, ಉಸಿರು ಕಟ್ಟಿಸುವ ಏರು ಇಲ್ಲ. ದಾರಿಯ ಬಹುಭಾಗ ನೆರಳಿನಲ್ಲಿಯೇ ಇದೆ. ಹೊಸದಾಗಿ ಓಟ ಕಲಿಯುವವರಿಗೆ ಇದಕ್ಕಿಂತ ಸೌಮ್ಯವಾದ ಬೆಟ್ಟದ ದಾರಿ ಸಿಕ್ಕುವುದು ಕಷ್ಟ.

ಮಟ್ಟಸವಾದ ದಾರಿ ಹೇಗೆ ಉಂಟಾಯಿತು?

ಬೆಟ್ಟದ ಮೇಲೆ ಮಟ್ಟಸವಾದ ದಾರಿ ಇದೆಯೆಂದರೆ ಅದರ ಹಿಂದೆ ಎರಡು ಕಾರಣಗಳಿರಬೇಕು: ಒಂದು ನಿಸರ್ಗದ್ದು, ಇನ್ನೊಂದು ಮನುಷ್ಯರದ್ದು.

ನಿಸರ್ಗದ ಕಾರಣವನ್ನು ಮೊದಲು ನೋಡೋಣ. ಮಾಥೇರಾನಿನ ಒಡಲು ದಖ್ಖನ್ನಿನ ಲಾವಾ ಹರಿದು ಪದರಪದರವಾಗಿ ಗಟ್ಟಿಯಾದ ಕಪ್ಪು ಬಸಾಲ್ಟ್ ಶಿಲೆ. ಲಕ್ಷಾಂತರ ವರ್ಷಗಳ ಮಳೆ ಮತ್ತು ಬಿಸಿಲಿಗೆ ಸಿಕ್ಕಿದ ಶಿಲೆಯ ಮೇಲ್ಪದರದಿಂದ ಕರಗುವ ಸತ್ವಗಳೆಲ್ಲ ಬಸಿದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು ಉಳಿದವು. ಅದೇ ಜಂಬಿಟ್ಟಿಗೆ, ಕರಾವಳಿಯವರ ಮುರಕಲ್ಲು. ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವ ಈ ಪದರ ಬೆಟ್ಟದ ನೆತ್ತಿಗೆ ಟೊಪ್ಪಿಗೆಯಂತೆ ಕುಳಿತು, ಅದನ್ನು ಚಪ್ಪಟೆಯಾಗಿಯೇ ಕಾಪಾಡಿದೆ. ಈ ಕಲ್ಲು ತೂತುತೂತಾದ್ದರಿಂದ ಮಳೆನೀರು ಒಳಗೆ ಇಳಿಯುತ್ತದೆ. ಕೆಳಗಿನ ಬಿಗಿಯಾದ ಬಸಾಲ್ಟನ್ನು ತಾಗಿ, ಪಕ್ಕಕ್ಕೆ ಸರಿದು, ಇಳಿಜಾರಿನಲ್ಲಿ ಒರತೆಯಾಗಿ ಹೊರಡುತ್ತದೆ. ಮೇಲಿನ ಮಣ್ಣು ನೀರನ್ನು ಕುಡಿದರೆ ಮಾತ್ರ ಕೆಳಗಿನ ಒರತೆಗೆ ಜೀವ. ಮುಂದೆ ಇಟ್ಟಿಗೆಯ ವಿಚಾರಕ್ಕೆ ಬರುವಾಗ ಇದನ್ನು ನೆನಪಿನಲ್ಲಿಡಬೇಕು.

ಇನ್ನು ಮನುಷ್ಯರ ಕಾರಣ. 1850ರಲ್ಲಿ ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ ಎಂಬಾತ ಈ ಬೆಟ್ಟವನ್ನು ‘ಕಂಡುಹಿಡಿದ’ ಎಂದು ಪ್ರವಾಸಿ ಪುಸ್ತಕಗಳು ಹೇಳುತ್ತವೆ. ಆದರೆ ಆ ಬೆಟ್ಟದ ಇಳಿಜಾರುಗಳಲ್ಲಿ ಠಾಕೂರ, ಕಾತಕರಿ ಆದಿವಾಸಿಗಳೂ ದನಗಾಹಿಗಳಾದ ಧನಗರರೂ ಅದಕ್ಕೆ ಮೊದಲೇ ಬಾಳುತ್ತಿದ್ದರು. ದೊರೆ ಹತ್ತಿದ್ದು ಅಂಥವರು ತುಳಿದು ಮಾಡಿದ ಕಾಲುದಾರಿಯನ್ನೇ. ತರುವಾಯ ಬೊಂಬಾಯಿಯ ಗವರ್ನರನಾಗಿದ್ದ ಎಲ್ಫಿನ್‌ಸ್ಟನ್ ಇದನ್ನು ಗಿರಿಧಾಮವಾಗಿಸಲು ಮುಂದಾದ. ಆದಮ್‌ಜೀ ಪೀರ್‌ಭಾಯ್ ಎಂಬ ಉದ್ಯಮಿಯ ಹಣದಿಂದ 1904ರಲ್ಲಿ ಆರಂಭವಾದ ಕಿರುರೈಲಿನ ಹಾದಿ 1907ರಲ್ಲಿ ಸಿದ್ಧವಾಯಿತು. ನೇರಳ್‌ನಿಂದ ಸುಮಾರು 21 ಕಿ.ಮೀ. ಸುತ್ತಿಬಳಸಿ ಬರುವ ಈ ಹಳಿಯ ಏರು ಅತಿ ಕಡಿದಾದಲ್ಲಿಯೂ ಇಪ್ಪತ್ತಕ್ಕೆ ಒಂದರಷ್ಟು. ಇಳಿಜಾರನ್ನು ನೇರವಾಗಿ ಸೀಳದೆ, ಗುಡ್ಡದ ಸೊಂಟವನ್ನು ಬಳಸಿ ಬಳಸಿ ಹತ್ತುವುದು ಇದರ ಉಪಾಯ. ನಮ್ಮ ಹಿರಿಯರು ಎತ್ತಿನ ಗಾಡಿಯ ದಾರಿಯನ್ನು ಮಾಡುತ್ತಿದ್ದುದೂ ಹೀಗೆಯೇ ಅಲ್ಲವೇ? ಆದರೂ ಬೆಟ್ಟವನ್ನು ಕಡಿದು ಮಾಡಿದ ಹಾದಿ ಎಂದಿಗೂ ನಿಶ್ಚಿಂತವಲ್ಲ. 2005ರ ಜುಲೈ ತಿಂಗಳ ಮಹಾಮಳೆಯಲ್ಲಿ ಹಳಿ ಕೊಚ್ಚಿಹೋಗಿ, ರೈಲು ಮತ್ತೆ ಓಡಿದ್ದು 2007ರಲ್ಲಿ. 2019ರ ಮಳೆಗಾಲದಲ್ಲಿ ಮತ್ತೊಮ್ಮೆ ಹಾನಿಯಾಗಿ, ನೇರಳ್‌ನಿಂದ ಪೂರ್ಣ ಸಂಚಾರ ಮರಳಿದ್ದು 2022ರ ಅಕ್ಟೋಬರಿನಲ್ಲಿ.

ನೆರಳು ಮಾಡುವ ಕೆಲಸ

ನೆರಳೆಂದರೆ ಬಿಸಿಲಿಲ್ಲದಿರುವುದು ಎಂದಷ್ಟೇ ತಿಳಿಯುತ್ತೇವೆ. ವಾಸ್ತವವಾಗಿ ಅದು ದಿನವಿಡೀ ನಡೆಯುವ ಒಂದು ಕಾಯಕ. ಮಾಥೇರಾನಿನ ಮರಗಳಲ್ಲಿ ನೇರಳೆಯೂ, ಮರಾಠಿಗರು ಅಂಜನಿ ಎನ್ನುವ ನೀಲಿ ಹೂವಿನ ಗಿಡ್ಡ ಮರವೂ ಬಹಳ. ಇವು ವರ್ಷವಿಡೀ ಹಸಿರಾಗಿರುವ ಜಾತಿಗಳು. ಆದ್ದರಿಂದ ಬೇಸಗೆಯಲ್ಲಿಯೂ ದಾರಿ ಬರಿದಾಗುವುದಿಲ್ಲ. ಎಲೆಗಳು ಬಿಸಿಲನ್ನು ತಡೆಯುವುದಲ್ಲದೆ ನೀರನ್ನು ಆವಿಯಾಗಿ ಬಿಡುತ್ತ ಸುತ್ತಣ ಗಾಳಿಯನ್ನೂ ತಂಪಾಗಿಸುತ್ತವೆ. ಓಡುವವನ ಮೈ ಬೆವರಿನ ಮೂಲಕ ಮಾಡುವುದೂ ಇದನ್ನೇ. ಮರವೂ ಮನುಷ್ಯನೂ ಒಂದೇ ವಿದ್ಯೆಯಿಂದ ಬದುಕುತ್ತಿರುವರೆಂದು ವಿದ್ಯಾರ್ಥಿಗಳು ಗಮನಿಸಬೇಕು.

ನೆರಳಿನ ಎರಡನೆಯ ಕೆಲಸ ಮಣ್ಣನ್ನು ಹಿಡಿದಿಡುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ಎತ್ತರದ ಮರವೊಂದೇ ಇದ್ದರೆ ಸಾಲದು. ಎಲೆಯ ತುದಿಯಲ್ಲಿ ಕೂಡಿಕೊಂಡು ಜಾರುವ ಹನಿ ಆಕಾಶದಿಂದ ಬಿದ್ದ ಹನಿಗಿಂತ ದಪ್ಪವಾಗಿರುತ್ತದೆ. ಎತ್ತರದಿಂದ ಬಿದ್ದಾಗ ಅದು ಬರಿಯ ನೆಲವನ್ನು ಕೊರೆಯಬಲ್ಲದು. ಆ ಪೆಟ್ಟನ್ನು ಹೀರಿಕೊಳ್ಳುವುದು ನಡುವಣ ಪೊದೆಗಳು ಮತ್ತು ನೆಲದ ಮೇಲಿನ ದರಕು. ದರಕನ್ನು ಗುಡಿಸಿ, ಪೊದೆಗಳನ್ನು ಸವರಿ, ಮರಗಳನ್ನಷ್ಟೇ ಉಳಿಸಿ ‘ಉದ್ಯಾನ’ ಮಾಡಿದ ದಾರಿಯಲ್ಲಿ ಎರಡು ಮಳೆಗಾಲ ಕಳೆಯುವುದರೊಳಗೆ ಬೇರುಗಳು ಮೇಲೇಳುತ್ತವೆ. ಮೊದಲು ಓಡುವವನ ಕಾಲು ಎಡವುತ್ತದೆ, ಆಮೇಲೆ ಮರವೇ ಬೀಳುತ್ತದೆ.

ಓಡುವವರಿಗೆ ಕೆಲವು ಮಾತುಗಳು

ಸುಲಭದ ದಾರಿಯಲ್ಲಿ ಓಡುವುದಕ್ಕೂ ಕ್ರಮವಿದೆ. ಜೊತೆಗಾರರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗುವ ವೇಗವೇ ಹೊಸಬರಿಗೆ ಸರಿಯಾದ ವೇಗ. ಮಾತು ತುಂಡಾಗತೊಡಗಿದರೆ ನಡಿಗೆಗೆ ಇಳಿಯಬೇಕು. ಅದರಲ್ಲಿ ಅವಮಾನವೇನೂ ಇಲ್ಲ. ಜಂಬುಮಣ್ಣಿನ ಮೇಲೆ ದುಂಡನೆಯ ಹರಳುಗಳು ಉರುಳುತ್ತವೆ. ಆದ್ದರಿಂದ ಉದ್ದ ಹೆಜ್ಜೆಯ ಬದಲು ಚಿಕ್ಕ ಚಿಕ್ಕ ಹೆಜ್ಜೆ ಇಡಬೇಕು, ದೃಷ್ಟಿ ಮೂರು ನಾಲ್ಕು ಮೀಟರು ಮುಂದಿರಬೇಕು. ಬಿಸಿಲಿನಿಂದ ಗಾಢ ನೆರಳಿಗೆ ನುಗ್ಗಿದಾಗ ಕಣ್ಣು ಒಗ್ಗಿಕೊಳ್ಳಲು ಕೆಲವು ಕ್ಷಣಗಳು ಬೇಕು; ಎಡವಿ ಬೀಳುವುದು ಆಗಲೇ. ಮಳೆಗಾಲದಲ್ಲಿ ಹಾವಸೆ ಹಿಡಿದ ಕಲ್ಲು ಎಣ್ಣೆಯಂತೆ ಜಾರುತ್ತದೆ. ಮಾಥೇರಾನಿನ ನೋಟದ ತಾಣಗಳೆಲ್ಲ ಪ್ರಪಾತದ ಅಂಚಿನಲ್ಲಿವೆ. ಮಂಜು ಮುಸುಕಿದಾಗ ಅಲ್ಲಿ ಓಡಲೇಬಾರದು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು.

ದಾರಿ ನಮ್ಮೊಬ್ಬರದೇ ಅಲ್ಲ ಎಂಬುದು ಇನ್ನೊಂದು ಮಾತು. ಮಾಥೇರಾನಿನಲ್ಲಿ ಸವಾರಿಯ ಕುದುರೆಗಳು ಎದುರಾಗುತ್ತವೆ. ಹಿಂದಿನಿಂದ ಓಡಿಬರುವ ಸದ್ದಿಗೆ ಕುದುರೆ ಬೆದರಬಹುದು. ಓಟ ನಿಲ್ಲಿಸಿ, ಕುದುರೆಯವನಿಗೆ ಕೂಗಿ ಹೇಳಿ, ಪಕ್ಕದಲ್ಲಿ ನಡೆದು ದಾಟುವುದೇ ಸಭ್ಯತೆ. ಕೋತಿಗಳಿಗೆ ತಿನಿಸು ಕೊಡಬಾರದು. ಇಕ್ಕಟ್ಟಾದ ಕಡೆ ದಾರಿ ಬಿಟ್ಟು ಬದಿಯ ಗಿಡ ತುಳಿದು ಅಡ್ಡದಾರಿ ಮಾಡಬಾರದು. ಹಾಗೆ ಮಾಡಿದ ಅಡ್ಡದಾರಿಯೇ ಮುಂದಿನ ಮಳೆಗೆ ಹಳ್ಳವಾಗುತ್ತದೆ.

ಮಣ್ಣೋ, ಇಟ್ಟಿಗೆಯೋ?

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. 2003ರ ಫೆಬ್ರವರಿಯಲ್ಲಿ ಕೇಂದ್ರದ ಪರಿಸರ ಮತ್ತು ಅರಣ್ಯ ಸಚಿವಾಲಯವು ಮಾಥೇರಾನನ್ನೂ ಅದರ ಸುತ್ತಣ ಪ್ರದೇಶವನ್ನೂ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು. ವಾಹನಗಳನ್ನು ದಸ್ತೂರಿಯಲ್ಲಿಯೇ ತಡೆಯುವ ಕಟ್ಟಳೆಗೆ ಇದರಿಂದ ಬಲ ಬಂತು. ಆ ಕಟ್ಟಳೆ ಇಲ್ಲದಿದ್ದರೆ ನಾನು ಈವರೆಗೆ ಬಣ್ಣಿಸಿದ ದಾರಿಯೂ ಉಳಿಯುತ್ತಿರಲಿಲ್ಲ. ಮುಂಬೈ ಮಹಾನಗರಕ್ಕೆ ಅಷ್ಟು ಸಮೀಪದ ಬೆಟ್ಟದ ಮೇಲೆ ಕಾರುಗಳು ಹೋಗುವಂತಿದ್ದರೆ ಅಲ್ಲಿ ಎಷ್ಟು ಮರ ಉಳಿಯುತ್ತಿತ್ತೆಂಬುದನ್ನು ತಾವೇ ಊಹಿಸಬಹುದು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ವಾಹನವಿಲ್ಲದ ಊರಿನಲ್ಲಿ ವೃದ್ಧರನ್ನು, ಸಾಮಾನುಗಳನ್ನು, ನಡೆಯಲೊಲ್ಲದ ಪ್ರವಾಸಿಗರನ್ನು ಹೊತ್ತೊಯ್ದವರು ಯಾರು? ಕುದುರೆಗಳು, ಹಮಾಲರು, ಮತ್ತು ಕೈಗಾಡಿಯನ್ನು ಎಳೆಯುವ ಮನುಷ್ಯರು. ನಮಗೆ ಹಗುರವೆನಿಸುವ ಆ ಏರು, ಗಾಡಿಯಲ್ಲಿ ಇನ್ನೊಬ್ಬ ಮನುಷ್ಯನನ್ನು ಕೂರಿಸಿಕೊಂಡು ಎಳೆಯುವವನಿಗೆ ಹಗುರವಲ್ಲ. ಓಡುವವನ ಮೂರು ಕಿ.ಮೀ. ಮತ್ತು ಎಳೆಯುವವನ ಮೂರು ಕಿ.ಮೀ. ಒಂದೇ ಅಲ್ಲ. ಕಾಡಿನ ಮೌನವನ್ನು ಹೊಗಳುವಾಗ ಆ ಮೌನಕ್ಕೆ ಬೆವರಿನ ಬೆಲೆ ಕೊಟ್ಟವರನ್ನು ಮರೆತರೆ ನಮ್ಮ ಪರಿಸರಪ್ರೇಮ ಅರೆಬರೆಯಾದುದು.

ಕೈಗಾಡಿ ಎಳೆಯುವವರೇ ತಮಗೆ ವಿದ್ಯುತ್ ರಿಕ್ಷಾ ಬೇಕೆಂದು ಕೇಳಿದರು. ಸುಪ್ರೀಂ ಕೋರ್ಟು 2022ರಲ್ಲಿ ಪ್ರಾಯೋಗಿಕವಾಗಿ ಅದಕ್ಕೆ ಅನುಮತಿಯಿತ್ತಿತು. ಆದರೆ ಗಾಲಿಗೆ ಗಟ್ಟಿ ನೆಲ ಬೇಕು. ಮಣ್ಣಿನ ದಾರಿಗೆ ಪೇವರ್ ಇಟ್ಟಿಗೆ ಹಾಸುವ ವಿಚಾರ ವಿವಾದಕ್ಕೆ ಬಂತು. ಹಾಸಿದರೆ ಧೂಳು ತಗ್ಗುತ್ತದೆ, ಮಣ್ಣು ಕೊಚ್ಚಿಹೋಗುವುದಿಲ್ಲ, ರೋಗಿಗಳಿಗೆ ಅನುಕೂಲ ಎಂದು ಒಂದು ವಾದ. ಹಾಸಿದರೆ ನೀರು ಇಂಗುವುದಿಲ್ಲ, ಕುದುರೆಯ ಗೊರಸು ಜಾರುತ್ತದೆ, ಇಂದು ರಿಕ್ಷಾ ಬಂದರೆ ನಾಳೆ ಕಾರು ಬರುತ್ತದೆ ಎಂದು ಇನ್ನೊಂದು ವಾದ. ಎರಡರಲ್ಲಿಯೂ ಸತ್ಯವಿದೆ.

2025ರ ಆಗಸ್ಟಿನಲ್ಲಿ ನ್ಯಾಯಾಲಯವು ತೀರ್ಪು ಕೊಟ್ಟಿತು. ಮನುಷ್ಯ ಮನುಷ್ಯನನ್ನು ಎಳೆಯುವ ಪದ್ಧತಿ ಮಾನವ ಘನತೆಗೆ ವಿರುದ್ಧವಾದುದೆಂದೂ, ಆರು ತಿಂಗಳೊಳಗೆ ಅದನ್ನು ನಿಲ್ಲಿಸಿ ಎಳೆಯುವವರಿಗೆ ವಿದ್ಯುತ್ ರಿಕ್ಷಾಗಳ ಮೂಲಕ ಜೀವನೋಪಾಯ ಕಲ್ಪಿಸಬೇಕೆಂದೂ ಆದೇಶಿಸಿತು. ದಾರಿಯ ವಿಷಯದಲ್ಲಿ ಅದು ಮಾಡಿದ ವಿಂಗಡಣೆಯನ್ನು ತಾವು ವಿಶೇಷವಾಗಿ ಗಮನಿಸಬೇಕು. ದಸ್ತೂರಿ ನಾಕಾದಿಂದ ಪೇಟೆಯ ಶಿವಾಜಿ ಪ್ರತಿಮೆಯವರೆಗಿನ ಮುಖ್ಯ ದಾರಿಗೆ ಪೇವರ್ ಇಟ್ಟಿಗೆ ಹಾಸಬಹುದು. ಆದರೆ ಅದರ ಕೆಳಗೆ ಕಾಂಕ್ರೀಟಿನ ಹಾಸು ಇರಕೂಡದು. ಒಳಗಿನ ದಾರಿಗಳಿಗೆ ಇಟ್ಟಿಗೆಯೇ ಕೂಡದು. ಎಂದರೆ ಜನರ ದುಡಿಮೆಗೂ ಕಾಯಿಲೆಗೂ ಬೇಕಾದ ದಾರಿ ಒಂದು, ಕಾಡಿನ ಉಸಿರಾಗಿ ಉಳಿಯಬೇಕಾದ ದಾರಿಗಳು ಬೇರೆ. ಎಲ್ಲಕ್ಕೂ ಒಂದೇ ಮದ್ದು ಅರೆಯಬೇಕಾಗಿಲ್ಲ.

ನಮ್ಮ ದಾರಿಗಳ ವಿಚಾರ

ಈ ವಿಂಗಡಣೆಯೇ ನನ್ನ ಇಂದಿನ ಮಾತಿನ ತಿರುಳು. ನಮ್ಮಲ್ಲಿ ದಾರಿಯ ಚರ್ಚೆ ಯಾವಾಗಲೂ ಎರಡು ಕೊನೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಲ ದಾರಿಗೂ ಕಾಂಕ್ರೀಟು ಬೇಕೆನ್ನುವವರು ಒಂದು ಕಡೆ. ಯಾವ ದಾರಿಯನ್ನೂ ಮುಟ್ಟಬಾರದೆನ್ನುವವರು ಇನ್ನೊಂದು ಕಡೆ. ಗರ್ಭಿಣಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತಂದ ಮನೆಯವರಿಗೆ ಎರಡನೆಯವರ ಮಾತು ಕ್ರೂರವಾಗಿ ಕೇಳಿಸುತ್ತದೆ. ಕಾಂಕ್ರೀಟು ಬಿದ್ದ ಮೇಲೆ ಬಾವಿಯ ನೀರು ತಗ್ಗಿದ್ದನ್ನು ಕಂಡವರಿಗೆ ಮೊದಲನೆಯವರ ಮಾತು ಕುರುಡಾಗಿ ಕಾಣುತ್ತದೆ.

ಆದ್ದರಿಂದ ಪ್ರತಿ ಊರಿನವರೂ ತಮ್ಮ ದಾರಿಗಳನ್ನು ಪಟ್ಟಿ ಮಾಡಬೇಕೆಂದು ಕೋರುತ್ತೇನೆ. ಆಸ್ಪತ್ರೆ, ಶಾಲೆ, ಡೇರಿಗೆ ಹೋಗುವ ದಾರಿ ಯಾವುದು? ಅದನ್ನು ಗಟ್ಟಿಮಾಡಲು ಹಿಂಜರಿಯಬೇಡಿ. ನೀರು ಇಂಗುವಂತೆ ಮಾಡಿ. ಸೊಪ್ಪಿನ ಬೆಟ್ಟಕ್ಕೆ, ಹೊಳೆಗೆ, ದೇವರಕಾಡಿಗೆ ಹೋಗುವ ದಾರಿಗಳು ಯಾವುವು? ಅವು ಮಣ್ಣಿನವಾಗಿಯೇ ಇರಲಿ, ಅವುಗಳ ಮೇಲಿನ ನೆರಳು ಕದಡದಿರಲಿ. ಮಣ್ಣಿನ ದಾರಿಯೆಂದರೆ ನಿರ್ಲಕ್ಷಿತ ದಾರಿಯೆಂದಲ್ಲ. ಮುಂಗಾರಿಗೆ ಮುನ್ನ ಅದರ ಬದಿಯ ಕಾಲುವೆ ಬಿಡಿಸಬೇಕು. ದಾರಿಯುದ್ದಕ್ಕೂ ನೀರು ಓಡದಂತೆ ಅಲ್ಲಲ್ಲಿ ಓರೆಯಾಗಿ ಕಲ್ಲಿನ ಸಾಲು ಹೂತು, ನೀರನ್ನು ಕಾಡಿನೊಳಕ್ಕೆ ತಿರುಗಿಸಬೇಕು. ಮನೆಗೊಬ್ಬರಂತೆ ಸೇರಿ ಒಂದು ದಿನ ಮಾಡಿದರೆ ಮುಗಿಯುವ ಕೆಲಸವಿದು. ಹಿಂದೆ ನಮ್ಮ ಊರುಗಳಲ್ಲಿ ಇದು ವಾಡಿಕೆಯಾಗಿತ್ತು.

ಕಾಡಿನಲ್ಲಿ ದಾರಿ ಮಾಡಲು ಕಾನೂನೇ ಅಡ್ಡಿಯೆಂದು ಅನೇಕರು ಹೇಳುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಕಲಮನ್ನು ಅವರು ಓದಬೇಕು. ರಸ್ತೆ, ಶಾಲೆ, ಕುಡಿಯುವ ನೀರು ಮೊದಲಾದ ಸರಕಾರಿ ಸೌಲಭ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75 ಮರಗಳನ್ನು ಮೀರದಂತೆ ಕಡಿದು, ಬಳಸಲು ಅಲ್ಲಿ ಅವಕಾಶವಿದೆ. ಅದಕ್ಕೆ ಗ್ರಾಮಸಭೆಯ ಶಿಫಾರಸು ಬೇಕು. ಎಂದರೆ ಯಾವ ದಾರಿ ಬೇಕು, ಯಾವುದು ಬೇಡ ಎಂದು ಮೊದಲು ಹೇಳುವ ಹಕ್ಕೂ ಹೊಣೆಯೂ ತಮ್ಮದೇ. ಆ ಸಭೆಗೆ ಹೋಗದೆ ಮನೆಯಲ್ಲಿ ಕುಳಿತವರು ಆಮೇಲೆ ಗುತ್ತಿಗೆದಾರನನ್ನು ಬೈದು ಫಲವಿಲ್ಲ.

ವಿದ್ಯಾರ್ಥಿ ಮಿತ್ರರಿಗೆ ಒಂದೆರಡು ಮಾತು. ತಾವು ಓಡುವ ದಾರಿ ಅಭಯಾರಣ್ಯ ಅಥವಾ ರಕ್ಷಿತಾರಣ್ಯದೊಳಗಿದ್ದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬೇಡಿ. ಆನೆ, ಕಾಟಿ ಓಡಾಡುವ ಕಡೆ ಮುಂಜಾವದ ಮಬ್ಬಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಓಟ ಬೇಡ. ಕಿವಿಗೆ ಹಾಡು ತುರುಕಿಕೊಂಡು ಎಂದಿಗೂ ಬೇಡ. ಓಟದ ಕೂಟ ನಡೆಸುವುದಾದರೆ ಮರಗಳಿಗೆ ಮೊಳೆ ಹೊಡೆದು ಫಲಕ ಹಾಕುವುದು, ಪ್ಲಾಸ್ಟಿಕ್ ಲೋಟ ಹಂಚುವುದು ಇವೆರಡನ್ನೂ ಮೊದಲೇ ನಿಷೇಧಿಸಿ. ಒಂದು ಕಾಲುದಾರಿ ತಾಳುವಷ್ಟೇ ಕಾಲುಗಳನ್ನು ಕರೆಯಿರಿ. ವಾರಕ್ಕೊಮ್ಮೆ ಓಡುವಾಗ ಎಲ್ಲಿ ಬೇರು ಮೇಲೆದ್ದಿದೆ, ಎಲ್ಲಿ ನೀರು ಕೊರೆದಿದೆ, ಯಾವ ಮರ ಬಿದ್ದಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ಮಳೆಗಾಲದ ಅಂಥ ಬರಹ ಗ್ರಾಮಸಭೆಯ ಮುಂದೆ ಇಟ್ಟರೆ ಅದರ ತೂಕವೇ ಬೇರೆ.

ಮಾಥೇರಾನಿನ ದಾರಿ ಉಳಿದಿರುವುದು ಜಂಬಿಟ್ಟಿಗೆಯ ಗಟ್ಟಿತನದಿಂದ, ಮರಗಳ ಕಾಯಕದಿಂದ, ಒಂದು ಕಟ್ಟಳೆಯಿಂದ, ಮತ್ತು ಅನೇಕ ಬಡವರ ಹೆಗಲಿನಿಂದ. ಈ ನಾಲ್ಕರಲ್ಲಿ ಕೊನೆಯದನ್ನು ಹಗುರಗೊಳಿಸಿ, ಮೊದಲಿನ ಮೂರನ್ನು ಉಳಿಸಿಕೊಳ್ಳುವುದು ಹೇಗೆಂಬುದೇ ಬೆಟ್ಟದ ಊರುಗಳೆಲ್ಲ ಬಿಡಿಸಬೇಕಾದ ಲೆಕ್ಕ. ಮಳೆಗಾಲ ಮುಗಿದೊಡನೆ ತಾವೆಲ್ಲ ಒಂದು ದಿನ ತಮ್ಮ ಊರಿನ ದಾರಿಗಳನ್ನು ಹಿರಿಯರೂ ಕಿರಿಯರೂ ಜೊತೆಯಾಗಿ ನಡೆದು ನೋಡಬೇಕೆಂದು ವಿನಂತಿಸುತ್ತೇನೆ. ಓಡುವವರು ಓಡಲಿ, ನಡೆಯುವವರು ನಡೆಯಲಿ. ಪಟ್ಟಿ ಮಾತ್ರ ಒಂದೇ ಇರಲಿ.